ಬಾಯಿಬಡುಕನಿಗೆ ಗಾಳ

ನಮ್ಮ ಯಜಮಾನರು ಹಗಲು ಲಾರಿ ಕಾರ್ಖಾನೆಯ ಎಂಜಿನಿಯರು, ರಾತ್ರಿ ಫ್ಲಾರಿಡಾದ ಬೆಸ್ತರು. ಸೋಡರ್‌ಟೆಲ್ಯೆಯ ಮೂರನೇ ಮಹಡಿಯ ಸೋಫಾದಲ್ಲಿ ಕೂತು ಅಮೆರಿಕದವರ ವಿಡಿಯೊ ನೋಡಿ ನೋಡಿ ‘ಲಾರ್ಜ್‌ಮೌತ್ ಬಾಸ್’ ಎಂಬ ಮೀನಿಗೆ ಮನಸೋತಿದ್ದಾರೆ. ನಾನದನ್ನು ಬಾಯಿಬಡುಕ ಅಂತೀನಿ. ಅವರು ನನ್ನನ್ನೊಮ್ಮೆ ನೋಡಿ ಸುಮ್ಮನಾಗುತ್ತಾರೆ.

ಬಾಯಿಬಡುಕನ ಪುರಾಣ ಮನೆಮಂದಿಗೆಲ್ಲ ಬಾಯಿಪಾಠ. ಬಿಸಿಲೇರಿದರೆ ಅದು ಜೊಂಡಿನ ನೆರಳಿಗೆ ಸರಿಯುತ್ತದೆ. ಆಗ ರಬ್ಬರ್ ಎರೆಹುಳುವಿನೊಳಗೆ ಕೊಕ್ಕೆಯ ಮೊನೆ ಅಡಗಿಸಿ, ಸೀಸದ ಗುಂಡು ಪೋಣಿಸಿ, ತಳದಲ್ಲಿ ನಿಧಾನ ಎಳೆಯಬೇಕು. ತಾವರೆ ಎಲೆ ಹಾಸಿದ ಕಡೆ ಪ್ಲಾಸ್ಟಿಕ್ ಕಪ್ಪೆ ಕುಣಿಸಬೇಕು. ಮೀನು ಎಗರಿ ಕಚ್ಚಿದರೂ ತಕ್ಷಣ ಎಳೆಯದೆ ಒಂದು ಗಳಿಗೆ ತಾಳಬೇಕು. (ಈ ತಾಳ್ಮೆ ನನ್ನ ಮಾತಿಗೆ ಎಂದೂ ಸಿಕ್ಕಿದ್ದಿಲ್ಲ.) ಹೀಗೆ ಹನ್ನೊಂದು ಕಪ್ಪೆ, ಮೂರು ಡಬ್ಬಿ ಹುಳು ನನ್ನ ಸಾರಿನ ಪುಡಿಯ ಪಕ್ಕ ಬಂದು ಕೂತವು. ತೊಡಕು ಒಂದೇ: ಆ ಮೀನು ನಮ್ಮ ಮೇಲಾರೆನ್ ಸರೋವರದಲ್ಲಿ ಇಲ್ಲ. ಇಲ್ಲಿರುವುದು ಅಬ್ಬೊರ್ರೆ, ಯೋಸ್, ಮತ್ತೆ ಮೊಸಳೆ ಮೂತಿಯ ಯೆದ್ದ. ಆ ಹೆಸರಿನ ಮೊದಲಕ್ಷರ ಬರೆಯುವಾಗ ‘ಗ’, ಓದುವಾಗ ‘ಯ’. ಸ್ವೀಡಿಷ್ ಅಂದರೆ ಹಾಗೇ.

ಈ ನಡುವೆ ನಂಜನಗೂಡಿನಿಂದ ಅಪ್ಪ ಬಂದರು, ಐದು ಕೆಜಿ ರಾಗಿಹಿಟ್ಟಿನ ಸಮೇತ. 1932ರಲ್ಲಿ ಜಾರ್ಜಿಯಾದ ಜಾರ್ಜ್ ಪೆರಿ ಹತ್ತು ಕೆಜಿ ಬಾಸ್ ಹಿಡಿದದ್ದೇ ದಾಖಲೆ ಎಂದು ಅಳಿಯ ಕಣ್ಣರಳಿಸಿದರೆ, ಅಪ್ಪ ಎಲೆ ಅಡಿಕೆ ಹುಡುಕುತ್ತಾ, “ಮರಿ ಇರ್ಬೇಕು ಅಳಿಯಂದ್ರೇ” ಎಂದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಎತ್ತಿದ ಕಥೆ ಕೇಳಿ ಬೆಳೆದವರು ಅವರು.

“ಈ ಕೆರೆ ಯಾರು ಹರಾಜು ಹಿಡಿದವ್ರೆ?”

“ಯಾರೂ ಇಲ್ಲ ಮಾವ. ಇಲ್ಲಿ ಕೈಗಾಳಕ್ಕೆ ಲೈಸೆನ್ಸೂ ಬೇಡ, ದುಡ್ಡೂ ಬೇಡ.”

“ಹಂಗಾದ್ರೆ ಮೀನೇ ಉಳಿದಿರಕ್ಕಿಲ್ಲ ಬುಡಿ.”

ಬೆಳಗಿನ ಜಾವ ಮತ್ತು ಮುಸ್ಸಂಜೆ ಚೆನ್ನಾಗಿ ಕಚ್ಚುತ್ತದೆ ಎಂದು ವಿಡಿಯೊದವ ಹೇಳಿದ್ದ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ, ಹುಟ್ಟುವುದು ಮೂರೂವರೆಗೆ. ಮುಸ್ಸಂಜೆ ಮುಗಿಯುವಷ್ಟರಲ್ಲಿ ಜಾವ ಶುರು. ಎರಡನ್ನೂ ಬಿಡಲಾರದೆ ಯಜಮಾನರು ಕಪ್ಪೆ ಕುಣಿಸುತ್ತಾ, ಸೊಳ್ಳೆಗಳಿಗೆ ತಾವೇ ಎರೆಯಾಗಿ, ನಾಲ್ಕೂವರೆಗೆ ಬಂದು ಬಿದ್ದುಕೊಂಡರು.

ಆರಕ್ಕೆ ಅಪ್ಪನೂ ನಾನೂ ಹೊರಟೆವು. ರಾತ್ರಿ ಉಳಿದ ಮುದ್ದೆಯನ್ನು ಅಪ್ಪ ಅಂಗೈಯಲ್ಲಿ ನಾದಿ, ಗೋಲಿಯಷ್ಟು ಉಂಡೆ ಮಾಡಿ ಕೊಕ್ಕೆಗೆ ಮೆತ್ತಿದರು. ಬೆಂಡು ಎರಡು ಸಲ ತಲೆಯಾಡಿಸಿ ಮುಳುಗಿತು. ಗೇಣುದ್ದದ ಬೆಳ್ಳಿ ಮೈ, ಕೆಂಪು ಕಣ್ಣು: ಮೋರ್ಟ್. ಕಾವೇರಿಯ ಬಿಳಿಮೀನನ್ನು ಮರುಳು ಮಾಡಿದ ರಾಗಿ ಸ್ವೀಡನ್ನಿನಲ್ಲೂ ಮರ್ಯಾದೆ ಉಳಿಸಿಕೊಂಡಿತು. ಎರಡು, ಮೂರು. ನಾಲ್ಕನೆಯದನ್ನು ಎಳೆಯುತ್ತಿದ್ದಾಗ ನೀರು ಸಿಡಿಯಿತು. ಹಸಿರು ಬಣ್ಣದ, ಚುಕ್ಕೆ ಚುಕ್ಕೆಯ ಉದ್ದನೆಯ ಒಂದು ಮೈ ಮೋರ್ಟನ್ನು ಅಡ್ಡಡ್ಡ ಕಚ್ಚಿ, ದಾರ ಕತ್ತರಿಸಿಕೊಂಡು ಹೋಯಿತು.

ಎರಡು ವರ್ಷದಿಂದ ‘ಹೇಯ್’ ಬಿಟ್ಟು ಎರಡನೇ ಮಾತಾಡದ ಕೆಳಗಿನ ಮನೆಯ ಮುದುಕ ನಾಯಿಯ ಹಗ್ಗ ಬಿಟ್ಟು ಕೂಗಿದ: “ಯೆದ್ದ! ಯೆದ್ದ!”

ಅಪ್ಪ ತುಂಡು ದಾರ ಹಿಡಿದುಕೊಂಡೇ ನನ್ನತ್ತ ತಿರುಗಿದರು. “ಏನವ್ವ, ನಮ್ ಅಳಿಯಂದ್ರನ್ನ ಇವ್ನು ಏಕವಚನದಲ್ಲಿ ಮಾತಾಡ್ತಾವ್ನಲ್ಲ? ಅದೂ ಅಲ್ದೆ, ಅವ್ರಿನ್ನೂ ಎದ್ದೇ ಇಲ್ಲ.”