ನೂರನೆಯ ಬಾಟಲಿಗೆ ಬಿನ್ನವತ್ತಳೆ

ನೀರಿನ ಟ್ಯಾಂಕಿನ ನೆರಳಿನಲ್ಲಿ ಆಸೀನರಾಗಿರುವ ಅಧ್ಯಕ್ಷರೇ, ಬಾಡಿಗೆಯ ಮೈಸೂರು ಪೇಟ ಧರಿಸಿ ಬೆವರುತ್ತಿರುವ ಸನ್ಮಾನಿತರೇ, ಹೊಸ ಬಾಟಲಿಗಳನ್ನು ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಸರದಿಗಾಗಿ ಕಾಯುತ್ತಿರುವ ಸಹೃದಯರೇ, ಮತ್ತು ಕಡಲೆಬೀಜದ ತಟ್ಟೆಯ ಸುತ್ತ ಮಾತ್ರ ಕುಳಿತಿರುವ ನನ್ನಂಥವರೇ,

ಆಷಾಢದಲ್ಲಿ ಶುಭಕಾರ್ಯ ಬೇಡ ಎಂದು ಸನ್ಮಾನಿತರ ತಾಯಿಯವರು ಮೊದಲು ತಕರಾರು ಎತ್ತಿದ್ದರಂತೆ. ಇದು ಯಾವ ಕೋನದಿಂದ ನೋಡಿದರೂ ಶುಭಕಾರ್ಯವಲ್ಲ ಎಂದು ಮನೆಮಂದಿಯೆಲ್ಲ ಒಮ್ಮತದಿಂದ ತೀರ್ಮಾನಿಸಿದ ಮೇಲೆ, ರಾಜರಾಜೇಶ್ವರಿ ನಗರದ ಈ ತಾರಸಿ ನಮಗೆ ಒಲಿಯಿತು.

ಅಭಿನಂದನಾ ಭಾಷಣಕ್ಕೆ ನನ್ನನ್ನೇ ಏಕೆ ಆರಿಸಿದರು ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗೆ ಎದ್ದಿರಬಹುದು. ಹನ್ನೊಂದು ವರ್ಷದಿಂದ ಪ್ರತಿ ತಿಂಗಳೂ ನಮ್ಮ ಈ ವಿಸ್ಕಿ ಕೂಟಕ್ಕೆ ತಪ್ಪದೆ ಬಂದು ಒಂದೇ ಒಂದು ಬಾಟಲಿಯನ್ನೂ ತಾರದ ಸದಸ್ಯ ನಾನೊಬ್ಬನೇ. ನಾನು ತರುವುದು ಗ್ಲಾಸು. ಬಾಟಲಿ ಕೊಂಡವರಿಗೆ ಇನ್ನೊಬ್ಬ ಕೊಂಡವನನ್ನು ಹೊಗಳಲು ಬಾಯಿ ಬರುವುದಿಲ್ಲ, ಹೊಟ್ಟೆಯಲ್ಲಿ ಏನೋ ತಡೆಯುತ್ತದೆ. ಖಾಲಿ ಗ್ಲಾಸಿನವನಿಗೆ ಆ ತೊಂದರೆ ಇಲ್ಲ.

ಸನ್ಮಾನಿತರ ಸಾಧನೆಯ ಹಾದಿ ಹೂವಿನ ಹಾಸಿಗೆಯಾಗಿರಲಿಲ್ಲ. ಇಂಜಿನಿಯರಿಂಗ್ ಮೂರನೇ ವರ್ಷ, ನಾಲ್ಕು ಜನಕ್ಕೆ ಒಂದು ಕ್ವಾರ್ಟರ್, ಹಾಸ್ಟೆಲ್ಲಿನ ಸ್ಟೀಲ್ ಲೋಟ, ನೆಂಚಿಕೊಳ್ಳಲು ಮಾವಿನಕಾಯಿ ಉಪ್ಪಿನಕಾಯಿ. ಆಗ ಅದಕ್ಕೆ ಎಣ್ಣೆ ಎಂದು ಹೆಸರು. ಈಗ ಇವರು ಗ್ಲಾಸಿನೊಳಗೆ ಮೂಗಿಟ್ಟು ಅರ್ಧ ಗಂಟೆ ‘ನೋಸ್’ ಮಾಡುತ್ತಾರಲ್ಲ, ಆಗ ಮೂಗು ಹಿಡಿದುಕೊಂಡರೆ ಮಾತ್ರ ಒಳಗೆ ಇಳಿಯುತ್ತಿತ್ತು. ‘ಫಿನಿಶ್’ ಆಗಲೂ ಇತ್ತು. ಹತ್ತು ನಿಮಿಷದಲ್ಲಿ ಫಿನಿಶ್. ನಮ್ಮ ದೇಶದಲ್ಲಿ ಅಗ್ಗಕ್ಕೆ ಸಿಗುವ ಬಹುಪಾಲು ಸರಕಿನ ಮೂಲ ಕಬ್ಬಿನ ಕಾಕಂಬಿ. ಯುರೋಪಿನವರ ಕಾಯಿದೆಯಲ್ಲಿ ಧಾನ್ಯದಿಂದ ಬಂದದ್ದು ಮಾತ್ರ ವಿಸ್ಕಿ, ಕಾಕಂಬಿಯದ್ದಕ್ಕೆ ಆ ಹೆಸರಿಡುವಂತಿಲ್ಲ. ಹೀಗಾಗಿ ಸನ್ಮಾನಿತರು ವಿದ್ಯಾರ್ಥಿದೆಸೆಯಲ್ಲಿ ವಿಸ್ಕಿಯನ್ನು ಮುಟ್ಟಿಯೂ ನೋಡಿರಲಿಲ್ಲ ಎಂದು, ಕೆಳಮನೆಯಲ್ಲಿ ಈ ಮೈಕಿನ ಸದ್ದು ಕೇಳಿಸಿಕೊಳ್ಳುತ್ತಿರುವ ಅವರ ತಾಯಿಯವರಿಗೆ ನಾನು ಈ ವೇದಿಕೆಯಿಂದ ದೃಢಪಡಿಸುತ್ತೇನೆ.

ಅಂಥವರು ಇಂದು ನೂರನೆಯ ಬಾಟಲಿ ಕೊಂಡಿದ್ದಾರೆ. ಚಪ್ಪಾಳೆ. ನೂರರಲ್ಲಿ ತೊಂಬತ್ತಮೂರರ ಸೀಲು ಒಡೆದಿಲ್ಲ. ಇದಕ್ಕೆ ಇನ್ನೂ ಜೋರು ಚಪ್ಪಾಳೆ ಬರಬೇಕಿತ್ತು. ಉಳಿದ ಏಳರಲ್ಲಿ ಒಂದನ್ನು ಬೆಕ್ಕು ಬೀಳಿಸಿತು, ಇನ್ನೊಂದನ್ನು ಇವರು ಊರಲ್ಲಿಲ್ಲದಾಗ ಬಾಮೈದುನ ತೆರೆದ. ಆ ಬೆಕ್ಕನ್ನು ಇವರು ಕ್ಷಮಿಸಿದ್ದಾರೆ.

ನಮ್ಮ ಕೂಟದ ವಿಧಿ ಹೊಸಬರಿಗೆ ತಿಳಿದಿರಲಿ. ತಂದವರು ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಬೇಕು. ಆಗ ನೀವು ಕೇಳಬೇಕಾದ ಮೊದಲ ಪ್ರಶ್ನೆ ‘ಎಲ್ಲಿ ಸಿಕ್ಕಿತು?’, ಎರಡನೆಯದು ‘ಎಷ್ಟಾಯಿತು?’ ಮದುವೆ ಮನೆಯಲ್ಲಿ ರೇಷ್ಮೆ ಸೀರೆಯ ಸೆರಗು ಹಿಡಿದು ಕೇಳುವ ಪ್ರಶ್ನೆಗಳೇ ಇವು, ಅದೇ ದನಿಯಲ್ಲಿ ಕೇಳಬೇಕು. ಬಳಿಕ ಅವರು ಬ್ಯಾಚ್ ನಂಬರ್ ಓದುತ್ತಾರೆ, ನೀವು ‘ಓಹೋ’ ಎನ್ನಬೇಕು. ಕಾಸ್ಕ್ ಸ್ಟ್ರೆಂತ್, ಚಿಲ್ ಫಿಲ್ಟರ್ ಮಾಡಿಲ್ಲ, ಬಣ್ಣ ಬೆರೆಸಿಲ್ಲ ಎಂದಾಗ ಕಣ್ಣು ಮುಚ್ಚಿ ತಲೆದೂಗಬೇಕು, ಭೈರವಿ ರಾಗದ ಆಲಾಪನೆಗೆ ದೂಗಿದಂತೆ. ‘ಹೇಗಿದೆ?’ ಎಂದು ಮಾತ್ರ ಕೇಳಬಾರದು. ಒಮ್ಮೆ ನಾನು ಕೇಳಿಬಿಟ್ಟೆ. ‘ಗೊತ್ತಿಲ್ಲ, ಇದು ಕುಡಿಯೋದಲ್ಲ’ ಎಂದರು.

ಹೆಸರು ಓದುವಾಗಲೂ ಎಚ್ಚರ ಬೇಕು. ಬರೆದಂತೆ ಓದುವ ಭಾಷೆಯಲ್ಲಿ ಹುಟ್ಟಿದ ನಮಗೆ ಸ್ಕಾಟ್ಲೆಂಡಿನವರು ಮಾಡುವ ಮೋಸ ಅಷ್ಟಿಷ್ಟಲ್ಲ. ಗರಿಯೋಚ್ ಎಂದು ಬರೆದು ಗೀರಿ ಎನ್ನುತ್ತಾರೆ, ಇಸ್ಲೇ ಎಂದು ಬರೆದು ಐಲಾ ಎನ್ನುತ್ತಾರೆ. ಸನ್ಮಾನಿತರು ಈ ಉಚ್ಚಾರಣೆಗಳನ್ನು ಬೆಳಗಿನ ವಾಕಿಂಗಿನಲ್ಲಿ ಅಭ್ಯಾಸ ಮಾಡುತ್ತಾರೆಂದು ಪಾರ್ಕಿನ ಕಾವಲುಗಾರರು ನನಗೆ ತಿಳಿಸಿದ್ದಾರೆ. ಅವರು ಅದನ್ನು ಯಾವುದೋ ಬೀಜಮಂತ್ರ ಎಂದುಕೊಂಡಿದ್ದಾರೆ.

ಈಗ ಸ್ಥಳಪುರಾಣ. ಈ ತಾರಸಿಯಿಂದ ಪಡುವಣಕ್ಕೆ, ಕೆಂಗೇರಿ ದಾಟಿದರೆ ಕಂಬೀಪುರ. ಅಲ್ಲಿದೆ ಅಮೃತ್ ಡಿಸ್ಟಿಲರಿ. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಕಟ್ಟಿದ ಸಂಸ್ಥೆ. ಅವರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ, 2004ರ ಆಗಸ್ಟಿನಲ್ಲಿ, ಬೆಂಗಳೂರಿನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಎಲ್ಲಿ ಗೊತ್ತೇ? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ಒಂದು ಇಂಡಿಯನ್ ರೆಸ್ಟೋರೆಂಟಿನಲ್ಲಿ. ತಿಪಟೂರಿಗೆ ಹೋಗಿ ಕೊಬ್ಬರಿ ಮಾರಿದ ಹಾಗೆ! ಆದರೂ ಕೊಬ್ಬರಿ ಮಾರಾಟವಾಯಿತು. ಭಾರತದ ಬಾರ್ಲಿಗೆ ಕಾಲುಭಾಗದಷ್ಟು ಸ್ಕಾಟ್ಲೆಂಡಿನ ಹೊಗೆಯಾಡಿಸಿದ ಬಾರ್ಲಿ ಬೆರೆಸಿದ ಫ್ಯೂಷನ್ ಎಂಬ ಮಾಲ್ಟಿಗೆ ಇಂಗ್ಲೆಂಡಿನ ವಿಸ್ಕಿ ವಿಮರ್ಶಕ ಜಿಮ್ ಮುರ್ರೆ ತಮ್ಮ ವಿಸ್ಕಿ ಬೈಬಲ್‌ನ 2010ರ ಆವೃತ್ತಿಯಲ್ಲಿ ನೂರಕ್ಕೆ 97 ಅಂಕ ಕೊಟ್ಟು, ಜಗತ್ತಿನಲ್ಲಿ ಮೂರನೆಯದು ಎಂದರು. ಅಲ್ಲಿಯವರೆಗೆ ‘ಲೋಕಲ್ ಮಾಲು’ ಎಂದು ಮೂಗು ಮುರಿಯುತ್ತಿದ್ದ ನಮ್ಮ ಸನ್ಮಾನಿತರು ಮರುದಿನವೇ ‘ನಮ್ಮ ಅಮೃತ್’ ಎಂದರು. ಇಂಗ್ಲಿಷರು ಮೆಚ್ಚಿದ ಮೇಲೆ ನಾವು ಮೆಚ್ಚುವುದು ನಮ್ಮ ಹಳೆಯ ಸಂಪ್ರದಾಯವಷ್ಟೇ. ಇವರ ಸಂಗ್ರಹದ ಮೊದಲ ಬಾಟಲಿ ಅದೇ ಫ್ಯೂಷನ್. ಇವತ್ತಿನ ನೂರನೆಯದೂ ಅಮೃತ್ತೇ. ಅದನ್ನು ಇವರು ಕೊಂಡದ್ದು ಸಿಂಗಪುರದ ಡ್ಯೂಟಿ ಫ್ರೀಯಲ್ಲಿ. ಕಂಬೀಪುರದಲ್ಲಿ ಹುಟ್ಟಿದ ಬಾಟಲಿ ಸಮುದ್ರೋಲ್ಲಂಘನ ಮಾಡಿ, ವಿದೇಶಯಾತ್ರೆ ಮುಗಿಸಿ, ದೇವನಹಳ್ಳಿಯಲ್ಲಿ ಇಳಿದು, ಎರಡು ಗಂಟೆ ಟ್ರಾಫಿಕ್ಕಿನಲ್ಲಿ ನಿಂತು, ತವರಿನಿಂದ ಕೂಗಳತೆಯ ಈ ಮನೆಗೆ ಸೊಸೆಯಾಗಿ ಬಂದಿದೆ.

ಆಷಾಢದ ಗಾಳಿ ಬೀಸುತ್ತಿದೆ, ನೋಡಿ. ಬ್ಯಾನರು ಎರಡು ಸಲ ಹಾರಿತು. ಈ ಗಾಳಿ ಬರುತ್ತಿರುವುದು ಕಂಬೀಪುರದ ಕಡೆಯಿಂದ. ಇದರಲ್ಲಿ ಏನಿದೆ ಎಂಬುದು ನನ್ನ ಭಾಷಣದ ಮುಖ್ಯ ವಿಷಯ.

ಪೀಪಾಯಿಯಲ್ಲಿ ಮಾಗುವಾಗ ವಿಸ್ಕಿ ಮರದ ಸಂದಿಯಿಂದ ಸದ್ದಿಲ್ಲದೆ ಆವಿಯಾಗುತ್ತದೆ. ಹಾಗೆ ಹೋದದ್ದನ್ನು ಸ್ಕಾಟ್ಲೆಂಡಿನವರು ದೇವತೆಗಳ ಪಾಲು ಎನ್ನುತ್ತಾರೆ. ಅಲ್ಲಿಯ ಚಳಿಯಲ್ಲಿ ದೇವತೆಗಳು ಮಿತಭೋಜಿಗಳು, ವರ್ಷಕ್ಕೆ ನೂರಕ್ಕೆ ಎರಡರಷ್ಟು ಸಾಕು. ಮೂರು ಸಾವಿರ ಅಡಿ ಎತ್ತರದ, ಬಿಸಿಲೂ ಒಣಹವೆಯೂ ಕೂಡಿದ ನಮ್ಮ ಬೆಂಗಳೂರಿನ ದೇವತೆಗಳಿಗೆ ಹತ್ತರಿಂದ ಹನ್ನೆರಡು ಬೇಕು. ಹತ್ತರ ಲೆಕ್ಕವನ್ನೇ ಹಿಡಿಯಿರಿ. ಇನ್ನೂರು ಲೀಟರಿನ ಪೀಪಾಯಿ ಹನ್ನೆರಡು ವರ್ಷದ ಮೇಲೆ ಸ್ಕಾಟ್ಲೆಂಡಿನಲ್ಲಿ ನೂರೈವತ್ತೇಳು ಲೀಟರ್ ಉಳಿಸಿಕೊಟ್ಟರೆ, ಇಲ್ಲಿ ಐವತ್ತಾರು. ಉಳಿದದ್ದು ಈ ಗಾಳಿಯಲ್ಲಿ. ಇಲ್ಲಿ ನಾಲ್ಕೈದು ವರ್ಷಕ್ಕೇ ವಿಸ್ಕಿ ಮಾಗುವುದೂ, ಹೆಚ್ಚು ಕಾಲ ಇಡುವುದು ದುಬಾರಿಯಾಗುವುದೂ ಇದೇ ಬಿಸಿಲಿನ ದೆಸೆಯಿಂದ. ಅಮೃತದವರೇ ಒಂದು ವಿಸ್ಕಿಗೆ ‘ಗ್ರೀಡಿ ಏಂಜೆಲ್ಸ್’, ಅಂದರೆ ಹೊಟ್ಟೆಬಾಕ ದೇವತೆಗಳು, ಎಂದು ಹೆಸರಿಟ್ಟಿದ್ದಾರೆ.

ನಾನು ಆ ದೇವತೆಗಳ ಪರ. ಹೊಟ್ಟೆಬಾಕರಿರಬಹುದು, ಆದರೆ ಕುಡಿಯುತ್ತಾರೆ. ಬ್ಯಾಚ್ ನಂಬರ್ ಕೇಳುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಒಮ್ಮೆ ಗಾಜಿನ ಬಾಟಲಿಗೆ ತುಂಬಿ ಸೀಲು ಹಾಕಿದರೆ ಅವರಿಗೂ ದಾರಿ ಬಂದ್. ವಿಸ್ಕಿ ಬಾಟಲಿಯಲ್ಲಿ ಮಾಗುವುದೂ ಇಲ್ಲ. ಮಾಗುವುದೆಲ್ಲ ಮರದೊಳಗೆ. ಐದು ವರ್ಷದ ಮಾಲ್ಟನ್ನು ಹದಿನೈದು ವರ್ಷ ಬೀರುವಿನಲ್ಲಿಟ್ಟರೆ ಅದು ಐದು ವರ್ಷದ ಮಾಲ್ಟಾಗಿಯೇ ಇರುತ್ತದೆ. ವಯಸ್ಸಾಗುವುದು ಬೀರುವಿನ ಯಜಮಾನರಿಗೆ.

ಸನ್ಮಾನಿತರ ಇತರ ಸಾಧನೆಗಳನ್ನೂ ಹೇಳಬೇಕು. ಇವರು ಜಮೀನ್ದಾರರು. ಐಲಾ ದ್ವೀಪದ ಲಫ್ರಾಯ್ಗ್ ಕಂಪನಿ ತನ್ನ ಬಾಟಲಿ ಕೊಂಡು ಹೆಸರು ನೋಂದಾಯಿಸಿದವರಿಗೆ ಅಲ್ಲಿಯ ಒಂದು ಚದರಡಿ ನೆಲವನ್ನು ಜೀವಾವಧಿ ಗುತ್ತಿಗೆಗೆ ಕೊಡುತ್ತದೆ. ಅದಕ್ಕೆ ಕಂಪನಿ ಇವರಿಗೆ ವರ್ಷಕ್ಕೆ ಒಂದು ಗುಟುಕು ವಿಸ್ಕಿ ಬಾಡಿಗೆ ಕೊಡಬೇಕು. ವಸೂಲಿಗೆ ಖುದ್ದಾಗಿ ಹೋಗಬೇಕು, ಅಷ್ಟೇ. ಮೂವತ್ತು-ನಲವತ್ತರ ಸೈಟಿಗಾಗಿ ಅರ್ಧ ಆಯುಸ್ಸು ಅಲೆದ ಬೆಂಗಳೂರಿಗನಿಗೆ ಒಂದು-ಒಂದರ ಸೈಟು, ಅದೂ ಸಮುದ್ರದ ಸಮೀಪ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದಾರೆ.

ಆ ದ್ವೀಪದ ವಿಸ್ಕಿಯ ಪರಿಮಳ ಕುರಿತು ಇವರು ಒಮ್ಮೆ ನಮಗೆ ಉಪನ್ಯಾಸ ಮಾಡಿದ್ದು ನೆನಪಿದೆ. ಪೀಟ್ ಎಂಬ ಜೌಗುಮಣ್ಣಿನ ಹೆಂಟೆ ಸುಟ್ಟು ಬಾರ್ಲಿಗೆ ಹೊಗೆ ಕೊಡುತ್ತಾರಂತೆ. ಅದರಿಂದ ಕಡಲಪಾಚಿ, ಅಯೋಡಿನ್, ಡಾಂಬರು, ಹಡಗಿನ ಹಗ್ಗದ ವಾಸನೆ ಬರುತ್ತದಂತೆ. ನಾವೆಲ್ಲ ಗಂಭೀರವಾಗಿ ಮೂಗಿಟ್ಟೆವು. ಹಡಗಿನ ಹಗ್ಗವನ್ನು ನಮ್ಮಲ್ಲಿ ಯಾರು ಮೂಸಿದ್ದಾರೆ? ಆಗ ಗ್ಲಾಸು ತೊಳೆಯಲು ಬಂದ ಇವರ ತಾಯಿಯವರು ದೂರದಿಂದಲೇ ಹೇಳಿದರು, ‘ತೀರ್ಥಹಳ್ಳಿ ಮನೆಯ ಬಚ್ಚಲೊಲೆ ವಾಸನೆ ಇದು. ಹಸಿ ಸೌದೆ ಹಾಕಿದಾಗ ಬರ್ತಿತ್ತಲ್ಲ.’ ನಾನು ಮತ್ತೆ ಮೂಸಿದೆ. ಹೌದು! ಹಂಡೆ, ಮಸಿ, ಕಣ್ಣುರಿ, ದೀಪಾವಳಿಯ ಎಣ್ಣೆನೀರು, ಎಲ್ಲ ಬಂತು. ಇಷ್ಟು ವರ್ಷದಲ್ಲಿ ನಾನು ಕೇಳಿದ ಒಂದೇ ಒಂದು ನಿಜವಾದ ಟೇಸ್ಟಿಂಗ್ ನೋಟ್ ಅದು. ಕೊಟ್ಟವರು ಜನ್ಮದಲ್ಲಿ ಒಂದು ಹನಿ ಮುಟ್ಟದವರು.

ಇನ್ನು ಹಣಕಾಸು. ಪರದೇಶದಿಂದ ಬರುವಾಗ ತಲೆಗೆ ಎರಡು ಲೀಟರ್ ಸುಂಕವಿಲ್ಲದೆ ತರಬಹುದು. ಹೀಗಾಗಿ ಸನ್ಮಾನಿತರು ಮನುಷ್ಯರನ್ನು ಲೀಟರಿನಲ್ಲಿ ಅಳೆಯುತ್ತಾರೆ. ದಂಪತಿಗಳಾದರೆ ನಾಲ್ಕು. ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದ ಪಕ್ಕದ ಮನೆಯ ವೃದ್ಧ ದಂಪತಿಯನ್ನು ಸ್ವಾಗತಿಸಲು ಇವರು ಹೂಗುಚ್ಛ ಹಿಡಿದು ವಿಮಾನ ನಿಲ್ದಾಣಕ್ಕೇ ಹೋಗಿದ್ದನ್ನು ಬೀದಿಯವರು ಇಂದಿಗೂ ಕೊಂಡಾಡುತ್ತಾರೆ. ಬ್ರಿಟನ್ನಿನ ಜೊತೆ 2025ರ ಜುಲೈನಲ್ಲಿ ಆದ ಒಪ್ಪಂದದಲ್ಲಿ ಸ್ಕಾಚ್ ಮೇಲಿನ ನೂರೈವತ್ತು ಶೇಕಡಾ ಸುಂಕವನ್ನು ಮೊದಲು ಎಪ್ಪತ್ತೈದಕ್ಕೆ, ಮುಂದೆ ಹತ್ತು ವರ್ಷದಲ್ಲಿ ನಲವತ್ತಕ್ಕೆ ಇಳಿಸುವ ಮಾತಿದೆ. ಆ ಸುದ್ದಿ ಬಂದ ದಿನ ಇವರು ಮಂಕಾಗಿದ್ದರು. ಬೀರುವಿನಲ್ಲಿದ್ದದ್ದೆಲ್ಲ ಅಗ್ಗವಾಗಿಬಿಟ್ಟರೆ ಅದಕ್ಕೆ ಏನರ್ಥ?

ಇವರ ಆದರ್ಶ ದೊಡ್ಡದು. ಮೆಕ್ಯಾಲನ್ 1926. ಅರವತ್ತು ವರ್ಷ ಪೀಪಾಯಿಯಲ್ಲಿದ್ದು 1986ರಲ್ಲಿ ಬಾಟಲಿಗೆ ಇಳಿದದ್ದು, ನಲವತ್ತೇ ಬಾಟಲಿ. ಅದರಲ್ಲೊಂದು 2023ರ ನವೆಂಬರಿನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಇಪ್ಪತ್ತೊಂದು ಲಕ್ಷದ ಎಂಬತ್ತೇಳು ಸಾವಿರದ ಐನೂರು ಪೌಂಡಿಗೆ ಹೋಯಿತು. ನಮ್ಮ ರೂಪಾಯಿಯಲ್ಲಿ ಇಪ್ಪತ್ತೆರಡು ಕೋಟಿ ದಾಟಿತು. ಮಾರುವ ಮೊದಲು ಅದಕ್ಕೆ ಹೊಸ ಕಾರ್ಕ್ ಹಾಕಿದ್ದರಂತೆ. ಈ ಕಾರ್ಕಿನ ವಿಷಯ ನೆನಪಿಡಿ.

ಸನ್ಮಾನಿತರ ಬೀರುವಿನ ಮುಂದೆ ನಿಂತಾಗಲೆಲ್ಲ ನನಗೆ ನೆನಪಾಗುವುದು ದಸರಾ ಬೊಂಬೆ. ಮೆಟ್ಟಿಲು ಮೆಟ್ಟಿಲಾಗಿ ಜೋಡಣೆ, ಮೇಲಿನ ಹಂತದಲ್ಲಿ ಪಟ್ಟದ ಬೊಂಬೆ, ವರ್ಷಕ್ಕೊಂದು ಹೊಸ ಸೇರ್ಪಡೆ, ಪುಟ್ಟ ದೀಪ, ನೋಡಲು ಬರುವ ಜನ. ಯಾರೂ ಮುಟ್ಟಬಾರದು, ಯಾರೂ ಆಡಬಾರದು. ಎಲ್ಲ ಒಪ್ಪುತ್ತೇನೆ. ಆದರೆ ಸ್ವಾಮಿ, ಬೊಂಬೆ ನೋಡಲು ಬಂದ ಮಕ್ಕಳನ್ನು ಯಾವ ಮನೆಯಲ್ಲೂ ಬರಿಗೈಯಲ್ಲಿ ಕಳಿಸುವುದಿಲ್ಲ. ಒಂದು ಕೊಬ್ಬರಿ ಮಿಠಾಯಿ, ಒಂದು ಮುಷ್ಟಿ ಚರುಪು, ಬೊಂಬೆ ಬಾಗಿನ ಅಂತ ಕೊಟ್ಟೇ ಕೊಡುತ್ತಾರೆ. ನಾವು ಹನ್ನೊಂದು ವರ್ಷದಿಂದ ಬೊಂಬೆ ನೋಡಿ ಚೆನ್ನಾಗಿದೆ ಎಂದು ಹೇಳಿ, ನಮ್ಮ ಗ್ಲಾಸುಗಳನ್ನು ನಾವೇ ಒರೆಸಿಕೊಂಡು ಮನೆಗೆ ಹೋಗುತ್ತಿದ್ದೇವೆ.

ಆದ್ದರಿಂದ ಕೂಟದ ಪರವಾಗಿ ಈ ಬಿನ್ನವತ್ತಳೆ. ಶ್ರೀಯುತರೇ, ತಮ್ಮ ಸಂಗ್ರಹ ಸಹಸ್ರವಾಗಲಿ. ತಮ್ಮ ಪರಿಚಿತರೆಲ್ಲ ಪದೇ ಪದೇ ವಿದೇಶಕ್ಕೆ ಹೋಗಿ ಬರಲಿ. ಶಾಲು, ಹಾರ, ಫಲತಾಂಬೂಲ ಒಪ್ಪಿಸಿಕೊಂಡು, ನಮಗೆ ಒಂದು ಬಾಗಿನ...

ಎದ್ದರು! ಪೇಟವನ್ನು ಟ್ಯಾಂಕಿನ ಮೇಲಿಟ್ಟು ಕೆಳಗೆ ಹೋದರು. ಯಾರೂ ಮಾತಾಡಬೇಡಿ. ಮನಸ್ಸು ಬದಲಾದೀತು.

ಬಂದರು. ಯಾವುದು? ಮೊದಲನೆಯದು! ಆ ಫ್ಯೂಷನ್ನೇ. ಧೂಳು ನೋಡಿ. ಈ ವಿಸ್ಕಿ ಮರದಲ್ಲಿ ಇದ್ದದ್ದಕ್ಕಿಂತ ಬೀರುವಿನಲ್ಲಿ ಇದ್ದದ್ದೇ ಹೆಚ್ಚು. ಗ್ಲಾಸು ಹಿಡಿಯಿರಿ, ಅಧ್ಯಕ್ಷರೇ, ಹಿರಿಯರು ಮೊದಲು. ಸೀಲು ಹರಿದರು. ಕೈ ನಡುಗುತ್ತಿದೆ, ಸಹಜ, ಕನ್ಯಾದಾನವಲ್ಲವೇ. ನಿಧಾನ, ತಿರುಗಿಸುತ್ತಾ ಎಳೆಯಿರಿ...

ಮುರಿಯಿತು. ಹೇಳಿದೆನಲ್ಲ, ಕಾರ್ಕಿನ ವಿಷಯ. ವೈನಿನ ಬಾಟಲಿಯಂತೆ ಮಲಗಿಸಿದರೆ ಆ ಖಾರ ಕಾರ್ಕನ್ನೇ ತಿನ್ನುತ್ತದೆ, ವರ್ಷಗಟ್ಟಲೆ ನಿಲ್ಲಿಸಿಟ್ಟರೆ ಒಣಗಿ ಹಪ್ಪಳವಾಗುತ್ತದೆ. ಅರ್ಧ ಕೈಯಲ್ಲಿದೆ, ಉಳಿದರ್ಧ ಪುಡಿಯಾಗಿ ಒಳಗೆ ತೇಲುತ್ತಿದೆ. ಅಳಬೇಡಿ ಸ್ವಾಮಿ, ಒಂದು ಹನಿಯೂ ಹೋಗಿಲ್ಲ. ಯಾರಾದರೂ ಇವರನ್ನು ಕೂರಿಸಿ. ಬಾಟಲಿಯನ್ನು ನನ್ನ ಕೈಗೆ ಕೊಡಿ, ಮೈಕು ನೀವು ಹಿಡಿದುಕೊಳ್ಳಿ, ಇಲ್ಲ, ಹತ್ತಿರವೇ ಹಿಡಿಯಿರಿ, ಕೆಳಗೆ ಕೇಳಿಸಬೇಕು.

ಅಮ್ಮಾ, ಟೀ ಸೋಸುವ ಜಾಲರಿ ಇದ್ದರೆ ಸ್ವಲ್ಪ ಮೇಲೆ ಕಳಿಸ್ತೀರಾ?