ಬಿಎಂಐ ಸಾಹೇಬರಿಗೆ ಕಳಂಬೋಲಿಯಿಂದ ಒಂದು ಬಹಿರಂಗ ಪತ್ರ

ಶ್ರೀಮಾನ್ ಬಿಎಂಐ, ಅರ್ಥಾತ್ ಬಾಡಿ ಮಾಸ್ ಇಂಡೆಕ್ಸ್ ಸಾಹೇಬರ ಸನ್ನಿಧಾನಕ್ಕೆ,

ನವಿ ಮುಂಬಯಿಯ ಕಳಂಬೋಲಿಯ ಕನ್ನಡಿಗನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗಕ್ಕೆ ಹೊಟ್ಟೆ ಕೊಂಚ ಅಡ್ಡ ಬರುತ್ತದೆ. ಆದರೆ ಹೊಟ್ಟೆಯ ಸುದ್ದಿ ತಮ್ಮ ಕಿವಿಗೆ ಬೀಳುವುದೇ ಇಲ್ಲವಾದ್ದರಿಂದ ಚಿಂತೆಯಿಲ್ಲ.

ತಮ್ಮ ದಕ್ಷತೆಗೆ ಎಣೆಯುಂಟೆ? ಸೊಸೈಟಿಯ ಆರೋಗ್ಯ ಶಿಬಿರವಿರಲಿ, ವಿಮೆಯ ಫಾರಮ್ಮಿರಲಿ, ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ತೀರ್ಪು ಸಿದ್ಧ. ರಕ್ತ ತೆಗೆಯುವುದು ಬೇಡ, ನಾಡಿ ಹಿಡಿಯುವುದು ಬೇಡ, ಮುಖ ನೋಡುವುದಂತೂ ಬೇಡವೇ ಬೇಡ.

ತಮ್ಮ ಮೂಲಪುರುಷರು ವೈದ್ಯರಲ್ಲ, ಬೆಲ್ಜಿಯಂನ ಖಗೋಳಜ್ಞ ಅಡಾಲ್ಫ್ ಕೆಟ್ಲೆ. 1830ರ ದಶಕದಲ್ಲಿ ಅವರು ಹುಡುಕುತ್ತಿದ್ದುದು ‘ಸರಾಸರಿ ಮನುಷ್ಯ’ನನ್ನು, ಯಾರ ಬೊಜ್ಜನ್ನೂ ಅಲ್ಲ. ತಮಗೆ ಈಗಿನ ಹೆಸರಿಟ್ಟವರು 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು. ಅದಕ್ಕಾಗಿ ಅವರು ಪರಿಶೀಲಿಸಿದ್ದು ಏಳು ಸಾವಿರಕ್ಕೂ ಮಿಕ್ಕ ಗಂಡಸರ ಅಳತೆಗಳನ್ನು. ಒಬ್ಬ ಹೆಂಗಸನ್ನೂ ಕರೆಯದೆ ನಡೆದ ನಾಮಕರಣ ಲೋಕದಲ್ಲಿ ಇದೊಂದೇ ಇರಬೇಕು.

ಒಮ್ಮೆ ನಮ್ಮ ಸ್ಟೀಲ್ ಮಾರ್ಕೆಟ್ಟಿಗೆ ಚಿತ್ತೈಸಿ. ಇಲ್ಲಿನ ತೂಕದ ಕಾಟಾ ಲಾರಿಯನ್ನು ಖಾಲಿಯಿದ್ದಾಗ ಒಮ್ಮೆ, ಸರಳು ತುಂಬಿದ ಮೇಲೆ ಇನ್ನೊಮ್ಮೆ ತೂಗುತ್ತದೆ. ಗಾಡಿಯದೆಷ್ಟು, ಮಾಲಿನದೆಷ್ಟು ಎಂದು ಬೇರ್ಪಡಿಸಿ ಚೀಟಿ ಕೊಡುತ್ತದೆ. ತಮಗೋ ಎಲುಬು, ಸ್ನಾಯು, ಕೊಬ್ಬು, ನೀರು ಎಲ್ಲ ಒಂದೇ ರಾಶಿ.

ಮಾರ್ಕೆಟ್ಟಿನಲ್ಲಿ ಕಬ್ಬಿಣ ಎತ್ತಿಳಿಸುವ ಒಬ್ಬ ಮಾಥಾಡಿ ಕಾರ್ಮಿಕನನ್ನು ಊಹಿಸಿಕೊಳ್ಳಿ. ಎತ್ತರ 168 ಸೆಂಟಿಮೀಟರ್, ತೂಕ 74 ಕಿಲೋ, ಹೆಗಲು ತೊಲೆಯಂತೆ. ತಮ್ಮ ಲೆಕ್ಕ 26.2. ಭಾರತೀಯರಿಗೆಂದು 2009ರಲ್ಲಿ ನಮ್ಮ ತಜ್ಞರು ಇಳಿಸಿದ ಮಿತಿಯಂತೆ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು. ಆದ್ದರಿಂದ ಅವನು ಬೊಜ್ಜಿನವನು. ಅವನ ಲೆಕ್ಕ ಬರೆಯುವ ಗುಮಾಸ್ತ ಅಷ್ಟೇ ಎತ್ತರ, 63 ಕಿಲೋ. ಕಡ್ಡಿ ಕೈಕಾಲು, ಬೆಲ್ಟಿನ ಮೇಲೆ ಜೋತ ಹೊಟ್ಟೆ, ಕುರ್ಚಿ ಬಿಟ್ಟು ಏಳದ ಜೀವ. ಅವನಿಗೆ 22.3, ಪ್ರಥಮ ದರ್ಜೆ! ಚೀಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು.

ಉತ್ಪ್ರೇಕ್ಷೆ ಎನ್ನುತ್ತೀರಾ? ಹಾಗಾದರೆ ಇಲ್ಲಿಂದಲೇ ಹೊರಡುವ ಎಕ್ಸ್‌ಪ್ರೆಸ್‌ವೇ ಹಿಡಿದು ಪುಣೆಗೆ ಹೋಗೋಣ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್‌ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐಯೂ 22.3. ಆದರೆ ಮೈಯ ಕೊಬ್ಬಿನ ಪಾಲು ಯುಡ್‌ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ತಮ್ಮ ಕಣ್ಣಿಗೆ ಇಬ್ಬರೂ ಅವಳಿಜವಳಿ. ನೋಡಲು ತೆಳ್ಳಗಿದ್ದೂ ಒಳಗೆ, ಅದರಲ್ಲೂ ಹೊಟ್ಟೆಯ ಸುತ್ತ, ಕೊಬ್ಬು ಕೂಡಿಡುವ ಈ ಭಾರತೀಯ ಮೈಕಟ್ಟಿಗೆ ಸಕ್ಕರೆ ಕಾಯಿಲೆ ಬೇಗನೆ ನೆಂಟನಾಗುತ್ತದೆ.

ಇನ್ನು ತಮ್ಮ ಗಡಿ ಎಲ್ಲಿದೆಯೆಂಬುದೂ ತಮ್ಮ ಕೈಯಲ್ಲಿಲ್ಲ. 1998ರಲ್ಲಿ ಅಮೆರಿಕದವರು ಅಧಿಕ ತೂಕದ ಮಿತಿಯನ್ನು 25ಕ್ಕೆ ಇಳಿಸಿದಾಗ ಎರಡು ಕೋಟಿಗೂ ಮಿಕ್ಕಿ ಜನ ಒಂದು ತುತ್ತೂ ಹೆಚ್ಚಿಗೆ ತಿನ್ನದೆ ದಪ್ಪಗಾದರು.

ಇಷ್ಟು ಓದಿ ನಮ್ಮವರೇ ಕೆಲವರು ವಡಾಪಾವ್ ಬಿಚ್ಚಿಕೊಂಡು ‘ಬಿಎಂಐ ಸುಳ್ಳಂತೆ’ ಎಂದು ಹಿಗ್ಗುತ್ತಿದ್ದಾರೆಂಬುದು ನನಗೆ ಗೊತ್ತು. ಅವರ ಪರ ನಾನು ವಕಾಲತ್ತು ಹಾಕಿಲ್ಲ. ಬಿಎಂಐ 33 ಬಂದವರಲ್ಲಿ ಹೆಚ್ಚಿನವರು ಮಾಥಾಡಿಗಳಲ್ಲ. ಸಾವಿರಾರು ಜನರ ಒಟ್ಟು ಚಿತ್ರ ಬೇಕಾದಾಗ, ಮೊದಲ ಜರಡಿ ಹಿಡಿಯುವಾಗ, ಸಾಹೇಬರೇ, ತಮ್ಮಷ್ಟು ಅಗ್ಗದ ನೌಕರ ಇನ್ನೊಬ್ಬನಿಲ್ಲ. ನನ್ನ ತಕರಾರು ತಾವು ಗುಮಾಸ್ತರಾಗಿದ್ದೂ ನ್ಯಾಯಾಧೀಶರ ಕುರ್ಚಿಯಲ್ಲಿ ಕೂತದ್ದಕ್ಕೆ.

ಆದ್ದರಿಂದ ಒಂದು ವಿನಂತಿ. ಮುಂದಿನ ಶಿಬಿರಕ್ಕೆ ಬರುವಾಗ ಜೊತೆಗೆ ಒಂದು ದರ್ಜಿಯ ಟೇಪು ಹಿಡಿದು ಬನ್ನಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದ್ದರೆ, ಅಥವಾ ಎತ್ತರದ ಅರ್ಧ ದಾಟಿದ್ದರೆ, ತಮ್ಮ ಅಂಕಿ ಎಷ್ಟೇ ಚೆನ್ನಾಗಿರಲಿ, ಅವರನ್ನು ಸಕ್ಕರೆ ಮತ್ತು ಬಿಪಿ ನೋಡುವವರ ಮೇಜಿಗೆ ಕಳಿಸಿ.

ಇತಿ,
ತಮ್ಮ ದಾಖಲೆಯಲ್ಲಿ ‘ನಾರ್ಮಲ್’ ಎಂದಿರುವ,
ಕಳಂಬೋಲಿಯ ಒಬ್ಬ ಹೊಟ್ಟೆವಂತ