ಹಳೆ ಜೀಪಿನ ವಿದ್ಯುನ್ಮೀಮಾಂಸೆ, ಟ್ರೈಲರ್ ಸಹಿತ

ಹಳೆ ಜೀಪಿನಲ್ಲಿ ಕರೆಂಟು ಇದೆಯೋ ಇಲ್ಲವೋ ಎಂಬುದು ಮಲೆನಾಡಿನ ತತ್ತ್ವಶಾಸ್ತ್ರದಲ್ಲಿ ಇನ್ನೂ ಇತ್ಯರ್ಥವಾಗದ ಪ್ರಶ್ನೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಹೊಸನಗರ ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ತುಂಬಿಕೊಂಡು 1,035 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವನ್ನು ಸಾಕುತ್ತಾಳೆ. ಅದೇ ಮೂರು ತಾಲ್ಲೂಕುಗಳಲ್ಲಿ ಅಡಿಕೆ ಮೂಟೆಯ ಟ್ರೈಲರ್ ಎಳೆಯುವ ಜೀಪಿಗೆ ಹಾರ್ನ್ ಹೊಡೆಯುವಷ್ಟು ಕರೆಂಟಿಗೂ ತತ್ವಾರ.

ಜೀಪಿನ ವೈರಿಂಗ್ ಮೂಲತಃ ಅದ್ವೈತ. ದೀಪಕ್ಕೆ ಹೋಗುವುದು ಒಂದೇ ವೈರು. ಮರಳುವ ದಾರಿ ಚಾಸಿ. ಬ್ಯಾಟರಿಯ ನೆಗೆಟಿವ್ ಚಾಸಿಗೆ, ಬಲ್ಬಿನ ಬುಡವೂ ಚಾಸಿಗೆ. ಸರ್ವವೂ ಚಾಸಿಯಲ್ಲಿ ಲೀನ. ನಡುವೆ ಬರುವ ಮಾಯೆ ತುಕ್ಕು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಈ ಮಾಯೆಗೆ ಉಪಾದಾನ ಕಾರಣ. 12 ವೋಲ್ಟಿನ 60 ವ್ಯಾಟ್ ಬಲ್ಬಿಗೆ ಬರೀ ಅರ್ಧ ಓಮ್ ತುಕ್ಕು ಅಡ್ಡ ನಿಂತರೂ ತಲುಪುವುದು 10 ವೋಲ್ಟ್. ಯುದ್ಧಕಾಲದ ವಿಲ್ಲೀಸ್ ಜೀಪಿನಲ್ಲಿ ಇದ್ದದ್ದೇ 6 ವೋಲ್ಟ್. ಅಲ್ಲಿ ಅಷ್ಟೇ ವ್ಯಾಟಿನ ಬಲ್ಬು ಹಾಕಿದರೆ ಅದೇ ತುಕ್ಕು ಹತ್ತಿರ ಹತ್ತಿರ ಅರ್ಧ ನುಂಗುತ್ತದೆ. ಎದುರಿನ ದನ ಕಾಣುವುದು ಆಮೇಲೆ, ಮೊದಲು ಹೆಡ್‌ಲೈಟ್ ಉರಿಯುತ್ತಿದೆಯೇ ಎಂದು ಇಳಿದು ನೋಡಬೇಕು.

ಟ್ರೈಲರ್ ಕಟ್ಟಿದೊಡನೆ ಸಿದ್ಧಾಂತ ಕೆಡುತ್ತದೆ. ಅದರ ಅರ್ತ್ ಸಿಗಬೇಕಾದ್ದು ಕೊಂಡಿಯ ಮೂಲಕ. ಕೊಂಡಿಗೋ ಬೆರಳು ದಪ್ಪ ಗ್ರೀಸು. ಮರಳಲು ದಾರಿ ಕಾಣದ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ಮನೆ ಸೇರುತ್ತದೆ. ಆದ್ದರಿಂದ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ. ಮುಂದಿನವನು ತಿರುಗುತ್ತಿಲ್ಲ, ನಿಲ್ಲುತ್ತಿದ್ದಾನೆ ಎಂಬುದನ್ನು ಹಿಂದಿನ ಬಸ್ಸಿನ ಡ್ರೈವರು ಅನುಮಾನ ಪ್ರಮಾಣದಿಂದಲೇ ತಿಳಿಯಬೇಕು. ಟ್ರೈಲರಿಗೆ ಪ್ರತ್ಯೇಕ ಅರ್ತ್ ವೈರು ಎಳೆದರೆ ರೋಗ ವಾಸಿ. ಆದರೆ ಅದು ದ್ವೈತಕ್ಕೆ ಶರಣಾದಂತೆ ಎಂದು ಚಾಸಿವಾದಿಗಳು ಒಪ್ಪುವುದಿಲ್ಲ.

ಫ್ಯೂಸಿನ ಅಧ್ಯಾಯ ಚಿಕ್ಕದು. ಸುಟ್ಟುಕೊಳ್ಳುವುದು ಫ್ಯೂಸಿನ ಸ್ವಧರ್ಮ. ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿದರೆ ಆ ಧರ್ಮ ವೈರಿಂಗಿಗೆ ವರ್ಗವಾಗುತ್ತದೆ.

ಪೂರ್ವಸೂರಿಗಳು ಜೀಪಿಗೆ ಎರಡೇ ಶಕ್ತಿಮೂಲ ಹೇಳಿದರು: ಡೈನಮೊ, ಬ್ಯಾಟರಿ. ಮೂರನೆಯದನ್ನು ಮಲೆನಾಡು ಸೇರಿಸಿತು: ಇಳಿಜಾರು. ಡೀಸೆಲ್ ಎಂಜಿನಿಗೆ ಕಿಡಿ ಬೇಡ, ಒತ್ತಿದ ಗಾಳಿಯ ಕಾವೇ ಸಾಕು. ಬ್ಯಾಟರಿ ಸತ್ತಿದ್ದರೂ ಸೆಕೆಂಡ್ ಗೇರಿಗೆ ಹಾಕಿ, ಉರುಳಿಸಿ, ಕ್ಲಚ್ ಬಿಟ್ಟರೆ ಹೊತ್ತಿಕೊಳ್ಳುತ್ತದೆ. ಇಲ್ಲಿನ ಜೀಪುಗಳೆಲ್ಲ ಮೂತಿ ಕೆಳಗೆ ಮಾಡಿ, ಚಕ್ರಕ್ಕೊಂದು ಕಲ್ಲು ಕೊಟ್ಟು ನಿಂತಿರುವುದರ ರಹಸ್ಯ ಇದು.

ಈ ಸೂತ್ರಕ್ಕೆ ಅಪವಾದ ಒಂದೇ ಇತ್ತು: ಸಿಗಂದೂರಿಗೆ ಹೋಗುವ ಲಾಂಚು. ಹಿನ್ನೀರಿನ ಮೇಲೆ ಎಷ್ಟು ಹುಡುಕಿದರೂ ಇಳಿಜಾರು ಸಿಗದು. ಹತ್ತಿದ ಜೀಪು ಆಚೆ ದಡ ಮುಟ್ಟುವ ತನಕ ಗುರುಗುಡುತ್ತಲೇ ಇರಬೇಕು. 2025ರಲ್ಲಿ ಸೇತುವೆಯಾಯಿತು, ಅಪವಾದವೂ ಬಿದ್ದುಹೋಯಿತು. ಇನ್ನು ಉಳಿದಿರುವ ವಿವಾದ, ಕಲ್ಲು ತೆಗೆದವನು ಓಡಿ ಬಂದು ಜೀಪಿಗೆ ಹತ್ತಬೇಕೋ ಟ್ರೈಲರಿಗೋ ಎಂಬುದು.